ಹುರುಳಿಯಿಂದ ಟ್ರಿಪ್ಸಿನ್ ಇನ್ಹಿಬಿಟರ್ ತೆಗೆದದ್ದು: ನನ್ನ ಅನುಭವ

ಪ್ರೋಟೀನ್ ಕೆಲಸಕ್ಕೆ ಇಳಿದವರಿಗೆ ಎಲ್ಲರೂ ಮೊದಲು ಹೇಳುವುದು, ಬಿಸಿ ತಾಗಿಸಬೇಡಿ ಅಂತ. ನಾನು ಹುರುಳಿಯ ಸಾರವನ್ನು ಬೇಕೆಂದೇ ಬಿಸಿ ಮಾಡಿದೆ. ಟ್ರಿಪ್ಸಿನ್ ಅಂದರೆ ಪ್ರೋಟೀನ್ ಜೀರ್ಣಿಸುವ ಕಿಣ್ವ, ಅದನ್ನು ತಡೆಯುವ ಪ್ರೋಟೀನೇ ಟ್ರಿಪ್ಸಿನ್ ಇನ್ಹಿಬಿಟರ್. ಹುರುಳಿಯದ್ದು ಬೌಮನ್-ಬರ್ಕ್ ಅನ್ನುವ ಗುಂಪಿನದ್ದು. ಸುಮಾರು 8.5 ಕಿಲೋಡಾಲ್ಟನ್ ತೂಕದ ಪುಟ್ಟ ಪ್ರೋಟೀನ್, ಆದರೆ ಒಳಗೆ 7 ಡೈಸಲ್ಫೈಡ್ ಬಂಧಗಳಿವೆ, ಅಂದರೆ ಅದನ್ನು ಬಿಗಿದಿಡುವ ಗಂಧಕದ ಕೊಂಡಿಗಳು. ಬಿಸಿಗೂ ಆಸಿಡ್‌ಗೂ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಈ ಗಟ್ಟಿತನವನ್ನೇ ಬಳಸಿಕೊಂಡರೆ ಕೆಲಸ ಎಷ್ಟೋ ಹಗುರ.

ಹುರುಳಿಯನ್ನು ಬದಿಯಡ್ಕದ ಕಡೆ ಬೆಳೆದವರ ಮನೆಯಿಂದಲೇ ತಂದೆ. ಅಂಗಡಿಯದ್ದಾದರೆ ಎಷ್ಟು ಹಳತು ಅಂತ ಗೊತ್ತಾಗುವುದಿಲ್ಲ, ನಮ್ಮ ಕಾಸರಗೋಡಿನ ಮಳೆಗಾಲದ ತೇವ ಬೇರೆ. ಚೆನ್ನಾಗಿ ಒಣಗಿಸಿ, ಪುಡಿ ಮಾಡಿ, ಅಸಿಟೋನ್‌ನಲ್ಲಿ ಜಿಡ್ಡು ತೆಗೆದೆ. ಆಮೇಲೆ ಪಿಎಚ್ 7.6ರ ಫಾಸ್ಫೇಟ್ ಬಫರ್‌ನಲ್ಲಿ ತಣ್ಣಗೆ ರಾತ್ರಿಯಿಡೀ ಕಲಕಲು ಬಿಟ್ಟೆ. ಬಫರ್‌ಗೆ ಪಾಲಿಫಿನಾಲ್ ಹಿಡಿದಿಡುವ ಪಿವಿಪಿ ಪುಡಿ ಸ್ವಲ್ಪ ಹಾಕಲೇಬೇಕು, ಇಲ್ಲದಿದ್ದರೆ ಸಿಪ್ಪೆಯ ಪಾಲಿಫಿನಾಲ್ ಪ್ರೋಟೀನ್‌ಗೆ ಅಂಟಿಕೊಂಡು ಎಲ್ಲ ಕಂದಾಗುತ್ತದೆ.

ಸೋಸಿದ ಸಾರವನ್ನು 70 ಡಿಗ್ರಿಯಲ್ಲಿ 10 ನಿಮಿಷ ಇಟ್ಟು, ಕೂಡಲೇ ಐಸ್‌ಗೆ. ಬಿಸಿ ತಡೆಯದ ಪ್ರೋಟೀನ್‌ಗಳು ಹಾಲು ಒಡೆದ ಹಾಗೆ ಗಂಟು ಕಟ್ಟುತ್ತವೆ, ಸೆಂಟ್ರಿಫ್ಯೂಜ್‌ನಲ್ಲಿ ತಳಕ್ಕೆ ಹೋಗುತ್ತವೆ. ನಮಗೆ ಬೇಕಾದ್ದು ಮೇಲಿನ ತಿಳಿಯಲ್ಲಿ ಉಳಿಯುತ್ತದೆ. ಆಮೇಲೆ ಪ್ರೋಟೀನನ್ನು ತಳಕ್ಕಿಳಿಸಲು ಅಮೋನಿಯಂ ಸಲ್ಫೇಟ್ ಉಪ್ಪು, ಆಮೇಲೆ ಆ ಉಪ್ಪು ತೆಗೆಯಲು ಸಣ್ಣ ರಂಧ್ರಗಳ ಪೊರೆಯ ಟ್ಯೂಬ್‌ನಲ್ಲಿ ಡಯಾಲಿಸಿಸ್. ಇಲ್ಲಿ ಮಾತ್ರ ತುಂಬಾ ಜಾಗ್ರತೆ ಬೇಕು. ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಇರುವ, 12,000 ಡಾಲ್ಟನ್‌ಗಿಂತ ಚಿಕ್ಕದ್ದನ್ನು ಹೊರಬಿಡುವ ಟ್ಯೂಬ್ ಇದಕ್ಕೆ ಆಗದು, ಇಷ್ಟು ಚಿಕ್ಕ ಪ್ರೋಟೀನ್ ಉಪ್ಪಿನ ಜೊತೆಗೇ ಹೊರಗೆ ಹೋಗಬಹುದು. ನಾನು 3,500ರದ್ದನ್ನು ಬಳಸಿದೆ.

ಕೊನೆಗೆ ಟ್ರಿಪ್ಸಿನ್ ಕೂರಿಸಿದ ಸೆಫರೋಸ್ ಮಣಿಗಳ ಕಾಲಮ್. ಪಿಎಚ್ 8ರಲ್ಲಿ ಇನ್ಹಿಬಿಟರ್ ಟ್ರಿಪ್ಸಿನ್ನನ್ನು ಗಟ್ಟಿಯಾಗಿ ಹಿಡಿಯುತ್ತದೆ, 0.01 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್ ಬಿಟ್ಟರೆ ಕೈಬಿಡುತ್ತದೆ. ಟ್ಯೂಬ್‌ಗಳಲ್ಲಿ ಮೊದಲೇ ಟ್ರಿಸ್ ಬಫರ್ ಹಾಕಿಟ್ಟರೆ ಬಿದ್ದ ಹಾಗೇ ಆಸಿಡ್ ಸರಿಹೋಗುತ್ತದೆ.

ಪ್ರತಿ ಹಂತದಲ್ಲೂ, ಟ್ರಿಪ್ಸಿನ್ ಕತ್ತರಿಸಿದರೆ ಹಳದಿ ಬಣ್ಣ ಬಿಡುವ ಬಾಪ್ನಾ ಹಾಕಿ 410 ನ್ಯಾನೋಮೀಟರ್‌ನಲ್ಲಿ ಹಳದಿ ಬಣ್ಣ ಅಳೆಯುತ್ತಿದ್ದೆ. ಟ್ರಿಪ್ಸಿನ್ನಿನ ಕೆಲಸ ಶೇ. 40ರಿಂದ 60ರಷ್ಟು ನಿಲ್ಲುವಂತೆ ಸ್ಯಾಂಪಲ್ ತೆಳು ಮಾಡಿಕೊಂಡರೆ ಮಾತ್ರ ಆ ಲೆಕ್ಕ ನಂಬಬಹುದು. ಸುಮ್ನೆ ಜಾಸ್ತಿ ಹಾಕಿ ಪೂರ್ತಿ ನಿಂತಿತು ಅಂತ ಬರೆದುಕೊಂಡರೆ ಏನೂ ತಿಳಿಯುವುದಿಲ್ಲ, ಅಲ್ವಾ?

ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಎಸ್‌ಡಿಎಸ್ ಜೆಲ್‌ನಲ್ಲಿ ಪಟ್ಟಿ ಕಾಣುವುದು 16 ಕಿಲೋಡಾಲ್ಟನ್ ಹತ್ತಿರ. ಎರಡೆರಡು ಅಣು ಜೋಡಿ ಕಟ್ಟಿಕೊಳ್ಳುವುದರಿಂದ ಹೀಗೆ. ನಿಜವಾದ ತೂಕಕ್ಕೆ ಮಾಸ್ ಸ್ಪೆಕ್ಟ್ರಮೆಟ್ರಿಯೇ ಬೇಕು. ಪಟ್ಟಿ ಇನ್ಹಿಬಿಟರಿನದ್ದೇ ಹೌದಾ ಅಂತ ನೋಡಲು ನನಗೆ ತುಂಬಾ ಇಷ್ಟವಾದ ದಾರಿ ಎಕ್ಸ್-ರೇ ಫಿಲ್ಮ್. ಕುಂಬಳೆಯ ಒಂದು ಎಕ್ಸ್-ರೇ ಸೆಂಟರ್‌ನಿಂದ ಅವಧಿ ಮುಗಿದ ಫಿಲ್ಮ್ ತಂದೆ. ಎಸ್‌ಡಿಎಸ್ ಹಾಕದ ಜೆಲ್ಲನ್ನು ಟ್ರಿಪ್ಸಿನ್‌ನಲ್ಲಿ ನೆನೆಸಿ, ತೊಳೆದು, ಫಿಲ್ಮ್ ಮೇಲೆ ಮಲಗಿಸಬೇಕು. ಫಿಲ್ಮಿನ ಜೆಲಾಟಿನ್ ಎಲ್ಲ ಕಡೆ ಕರಗಿ, ಇನ್ಹಿಬಿಟರ್ ಇರುವಲ್ಲಿ ಮಾತ್ರ ಉಳಿಯುತ್ತದೆ.

ಡಿಟಿಟಿ ಅನ್ನುವ ರಾಸಾಯನಿಕ ಹಾಕಿ ಆ ಡೈಸಲ್ಫೈಡ್‌ಗಳನ್ನು ಬಿಡಿಸಿದಾಗ ಮಾತ್ರ ಇದರ ಶಕ್ತಿ ಕುಸಿಯಿತು. ಮುಂದಿನ ಪರೀಕ್ಷೆ ಪ್ರೋಟೀನ್ ಜೀರ್ಣಿಸುವ ಇನ್ನೊಂದು ಕಿಣ್ವ ಕೈಮೋಟ್ರಿಪ್ಸಿನ್ನಿನದ್ದು. ಮೊದಲೇ ಟ್ರಿಪ್ಸಿನ್ ತುಂಬಿಸಿಟ್ಟ ಇನ್ಹಿಬಿಟರ್ ಕೂಡ ಅದನ್ನು ತಡೆಯಿತು. ಎರಡಕ್ಕೂ ಬೇರೆ ಬೇರೆ ಜಾಗ ಇದೆ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಪರೀಕ್ಷೆ ನಮ್ಮಂಥ ಸಣ್ಣ ಲ್ಯಾಬ್‌ನಲ್ಲಿ ಬೇರೆ ಇಲ್ಲ.