ಚಿಂಚೋಳಿಯ ಮರಗಳ ನೆತ್ತಿಯ ತಾಪಮಾನ ಅಳೆದ ಬಗೆ

ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿ ಧಾಮದಲ್ಲಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ಡ್ರೋನಿಗೆ ಅಳವಡಿಸಿದ ಥರ್ಮಲ್ ಕ್ಯಾಮೆರಾದಿಂದ ಮರಗಳ ನೆತ್ತಿಯ ತಾಪಮಾನವನ್ನು ಅಳೆದೆ. ಲ್ಯಾಂಡ್‌ಸ್ಯಾಟ್ 8 ಉಪಗ್ರಹದ ಥರ್ಮಲ್ ಚಿತ್ರಗಳು ಉಚಿತವಾಗಿಯೇ ಸಿಗುತ್ತವೆ. ಆದರೆ ಅದರ ಸಂವೇದಕ ನೆಲವನ್ನು 100 ಮೀಟರ್ ಚೌಕಗಳಾಗಿ ನೋಡುವುದರಿಂದ ತೇಗ, ಬೇವು, ಬಯಲು, ಕೆಂಪು ಜಂಬಿಟ್ಟಿಗೆ ನೆಲ ಎಲ್ಲವೂ ಒಂದೇ ಅಂಕಿಯಲ್ಲಿ ಸೇರಿಹೋಗುತ್ತವೆ. ನೂರು ಮೀಟರ್ ಎತ್ತರದಿಂದ ನನ್ನ ಕ್ಯಾಮೆರಾದ ಒಂದು ಪಿಕ್ಸೆಲ್ ಸುಮಾರು 9 ಸೆಂಟಿಮೀಟರ್.

ಹಾರಾಟಕ್ಕಿಂತ ಹೆಚ್ಚು ಶ್ರಮ ನೆಲದ ಮೇಲಿನದು. ಕ್ಯಾಮೆರಾ ನೇರವಾಗಿ ಗ್ರಹಿಸುವುದು 8ರಿಂದ 14 ಮೈಕ್ರೊಮೀಟರ್ ಆಸುಪಾಸಿನ ತರಂಗಾಂತರದ ಶಾಖ ವಿಕಿರಣವನ್ನೇ ಹೊರತು ತಾಪಮಾನವನ್ನಲ್ಲ. ಆ ವಿಕಿರಣದಲ್ಲಿ ಎಲೆ ಸೂಸಿದ್ದರ ಜೊತೆಗೆ ಎಲೆಯಿಂದ ಪ್ರತಿಫಲಿಸಿದ ಆಕಾಶದ ಪಾಲೂ ನಡುವಿನ ಗಾಳಿಯ ತೇವಾಂಶ ಸೂಸಿದ ಪಾಲೂ ಬೆರೆತಿರುತ್ತವೆ. ಡ್ರೋನಿಗೆ ಹೊಂದುವ ಶೀತಲೀಕರಣವಿಲ್ಲದ ಕ್ಯಾಮೆರಾಗಳು ಸಣ್ಣ ವ್ಯತ್ಯಾಸಗಳನ್ನು ಚೆನ್ನಾಗಿ ಗುರುತಿಸಿದರೂ ನಿಜವಾದ ಮೌಲ್ಯದಲ್ಲಿ ಹಲವು ಡಿಗ್ರಿ ತಪ್ಪಬಲ್ಲವು, ಏಕೆಂದರೆ ಮೇಲಿನ ಗಾಳಿಗೆ ಕ್ಯಾಮೆರಾದ ಮೈ ತಣ್ಣಗಾದಂತೆ ಅಳತೆಯೂ ಜಾರುತ್ತದೆ. ಆದ್ದರಿಂದ ಬಯಲಿನಲ್ಲಿ ನೀರು ತುಂಬಿದ ಅಗಲವಾದ ಬೋಗುಣಿಯೊಂದನ್ನೂ ಕಪ್ಪು ಬಣ್ಣ ಬಳಿದ ತಗಡೊಂದನ್ನೂ ಇಟ್ಟು, ಎರಡಕ್ಕೂ ತಾಪಮಾಪಕದ ತಂತಿ ಜೋಡಿಸಿ, ಪ್ರತಿ ಹಾರಾಟದ ಮೊದಲೂ ಕೊನೆಗೂ ಅವುಗಳ ಮೇಲೆ ಡ್ರೋನ್ ಹಾಯಿಸಿದೆ. ಒಂದು ತಂಪು, ಒಂದು ಬಿಸಿ: ಇವೆರಡರಲ್ಲೂ ಕ್ಯಾಮೆರಾ ತೋರಿದ ಅಂಕಿಯನ್ನು ತಾಪಮಾಪಕದ ಅಂಕಿಗೆ ಹೋಲಿಸಿ, ನಡುವೆ ಗೆರೆ ಎಳೆದು ಉಳಿದೆಲ್ಲ ಚಿತ್ರಗಳನ್ನು ತಿದ್ದಿದೆ. ಎಲೆಗಳ ಉತ್ಸರ್ಜನಾಂಕವನ್ನು (ಅದೇ ತಾಪಮಾನದ ಆದರ್ಶ ಕಪ್ಪು ವಸ್ತು ಸೂಸುವ ವಿಕಿರಣದಲ್ಲಿ ಎಲೆ ಎಷ್ಟು ಪಾಲು ಸೂಸುತ್ತದೆ ಎಂಬುದು) 0.98 ಎಂದು ಹಿಡಿದೆ, ಅದರಲ್ಲಿ 0.01ರಷ್ಟು ವ್ಯತ್ಯಾಸವಾದರೂ ಫಲಿತಾಂಶ ಸುಮಾರು ಅರ್ಧ ಡಿಗ್ರಿ ಸರಿಯುತ್ತದೆ.

ಕಾಲದ ಆಯ್ಕೆಯಲ್ಲಿ ನನಗಿಂತ ಅಲ್ಲಿನ ಅರಣ್ಯ ಕಾವಲುಗಾರರ ಮಾತೇ ಚುರುಕಾಗಿತ್ತು: "ಸಾಹೇಬ್ರ, ಬ್ಯಾಸಿಗ್ಯಾಗ ಗಿಡದಾಗ ಎಲಿನೇ ಇರಂಗಿಲ್ಲ, ಏನು ಅಳೀತೀರಿ?" ಬೋಳು ತೇಗದ ಕೊಂಬೆಗಳ ನಡುವಿನಿಂದ ಏಪ್ರಿಲಿನಲ್ಲಿ ಕಾಣುವುದು ಸುಡುವ ನೆಲವೇ, ಆಗ ಹೊಸ ಚಿಗುರು ಹೊತ್ತ ಬೇವಿನೊಂದಿಗೆ ಅದನ್ನು ಹೋಲಿಸಿದರೆ ಅರ್ಥವಿಲ್ಲ. ಹಾಗಾಗಿ ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನ ನಿರ್ಮಲ ಆಕಾಶದಡಿ, ಗಾಳಿ ಏಳುವ ಮೊದಲು ಹಾರಿಸಿದೆ.

ಆ ಚಿತ್ರಗಳಲ್ಲಿ ಬಿಸಿಲಿಗೆ ಮೈಯೊಡ್ಡಿದ ತೇಗದ ನೆತ್ತಿ ಬೇವಿನದಕ್ಕಿಂತ ಬಿಸಿಯಾಗಿ ಕಂಡಿತು. ಅಗಲ ಎಲೆಯ ಸುತ್ತ ನಿಶ್ಚಲ ಗಾಳಿಯ ಪದರ ದಪ್ಪವಾಗಿರುವುದರಿಂದ ಶಾಖ ಬೇಗ ಬಿಟ್ಟುಹೋಗುವುದಿಲ್ಲ. ಬೇವಿನ ಕಿರುಎಲೆಗಳು ಗಾಳಿಯ ತಾಪಮಾನಕ್ಕೆ ಹತ್ತಿರವೇ ಉಳಿಯುತ್ತವೆ. ಆದ್ದರಿಂದ ತೇಗ ಬಿಸಿಯಾಗಿದೆಯೆಂದ ಮಾತ್ರಕ್ಕೆ ಅದು ನೀರಿಲ್ಲದೆ ಬಳಲುತ್ತಿದೆ ಎಂದು ನಾನು ಬರೆಯುವುದಿಲ್ಲ. ನೀರಿನ ಕೊರತೆಯನ್ನು ಹುಡುಕಬೇಕಾದರೆ ತೇಗವನ್ನು ತೇಗದೊಂದಿಗೆ ಮಾತ್ರ ಹೋಲಿಸುತ್ತೇನೆ, ಅದೂ ನೆತ್ತಿಯ ತಾಪಮಾನದಿಂದ ಆ ಹೊತ್ತಿನ ಗಾಳಿಯ ತಾಪಮಾನವನ್ನು ಕಳೆದ ಮೇಲೆ.