9 ಎಂಎಂ ಪಿಸ್ತೂಲಿಗೆ 115, 124, 147 ಗ್ರೇನ್: ನಾನು ಆರಿಸಿಕೊಂಡ ಬಗೆ

ಅಮೆರಿಕದ ಯುಎಸ್‌ಪಿಎಸ್‌ಎ (ಪ್ರಾಕ್ಟಿಕಲ್ ಶೂಟಿಂಗ್ ಸಂಘದ) ಪಂದ್ಯಗಳಲ್ಲಿ, ಕಾರ್ಖಾನೆಯಿಂದ ಬಂದಂಥ ಪಿಸ್ತೂಲುಗಳ ಪ್ರೊಡಕ್ಷನ್ ವಿಭಾಗದಲ್ಲಿ ನಾನು ಬಳಸುವುದು ಮೂರನೇ ತಲೆಮಾರಿನ ಗ್ಲಾಕ್ 17. ಭಾರತದಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಅಳತೆ) ಆದ್ದರಿಂದ ಅಲ್ಲಿನ ಸಾಮಾನ್ಯ ಲೈಸೆನ್ಸ್‌ದಾರರಿಗೆ ಈ ಪ್ರಶ್ನೆ ಬರುವುದಿಲ್ಲ. ಇಲ್ಲಿ ಅಂಗಡಿಗೆ ಹೋಗಿ 9 ಎಂಎಂ ತೋಟಾ ಕೇಳಿದರೆ ಮೂರು ತೂಕ ಮುಂದಿಡುತ್ತಾರೆ: 115, 124, 147 ಗ್ರೇನ್. ಒಂದು ಪೌಂಡಿಗೆ 7,000 ಗ್ರೇನ್. ಗ್ರಾಂ ಲೆಕ್ಕದಲ್ಲಿ ಇವು ಸುಮಾರು 7.5, 8 ಮತ್ತು 9.5. ಇದು ಗುಂಡಿನ ತೂಕ ಮಾತ್ರ, ಮದ್ದಿನದ್ದಲ್ಲ.

"ಭಾರದ ಗುಂಡು ಮೆತ್ತಗೆ ಒದೆಯುತ್ತೆ, 147 ತಗೊಳ್ಳಿ" ಎಂಬ ಸಲಹೆ ರೇಂಜಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ಮಾತ್ರ ನಿಜ. ತೂಕದ ಜೊತೆಗೆ ವೇಗವನ್ನೂ ನೋಡಬೇಕು. ಗ್ರೇನ್‌ನಲ್ಲಿ ತೂಕ, ಸೆಕೆಂಡಿಗೆ ಎಷ್ಟು ಅಡಿ ಎಂಬ ವೇಗ, ಇವೆರಡನ್ನೂ ಗುಣಿಸಿ 1,000ದಿಂದ ಭಾಗಿಸಿದರೆ ಸಿಗುವುದು ಪವರ್ ಫ್ಯಾಕ್ಟರ್. ಪ್ರೊಡಕ್ಷನ್‌ನಲ್ಲಿ ಕನಿಷ್ಠ 125 ಬೇಕು. ಅದಕ್ಕಿಂತ ಎಷ್ಟೇ ಹೆಚ್ಚಿದ್ದರೂ ಎಲ್ಲರಿಗೂ ಮೈನರ್ (ಕೆಳದರ್ಜೆಯ) ಅಂಕಗಳೇ: ಗುರಿಹಲಗೆಯ ನಡುವಿನ ಎ ವಲಯಕ್ಕೆ 5, ಅದರ ಸುತ್ತಲಿನ ಸಿಗೆ 3, ಅಂಚಿನ ಡಿಗೆ 1. ಹೆಚ್ಚುವರಿ ಶಕ್ತಿಗೆ ಅಂಕವಿಲ್ಲ, ಒದೆತ ಮಾತ್ರ ಉಳಿಯುತ್ತದೆ.

ಸಾಮಾನ್ಯ ಫ್ಯಾಕ್ಟರಿ ತೋಟಾದ ಪೆಟ್ಟಿಗೆಗಳನ್ನೇ ತೆಗೆದುಕೊಳ್ಳಿ. 115 ಗ್ರೇನಿನದು 1,180 ಅಡಿ ಎಂದಿದ್ದರೆ ಪವರ್ ಫ್ಯಾಕ್ಟರ್ 135.7. 124ರದು 1,150 ಎಂದಿದ್ದರೆ 142.6. 147ರದು 1,000 ಎಂದಿದ್ದರೆ 147. ಅಂದರೆ ಈ ಮೂರರಲ್ಲಿ ಅತಿ ಹೆಚ್ಚು ಪವರ್ ಫ್ಯಾಕ್ಟರ್ ಇರುವುದು 147ಕ್ಕೇ! ಮೆತ್ತಗಿರುವುದು ಪಂದ್ಯಕ್ಕೆಂದೇ ಮಾಡಿದ, 890-900 ಅಡಿ ವೇಗದ 147. ಅದರ ಪವರ್ ಫ್ಯಾಕ್ಟರ್ 131-132. ಒಂದೇ ಪವರ್ ಫ್ಯಾಕ್ಟರಿಗೆ ಹಗುರ ಗುಂಡಿಗೆ ಹೆಚ್ಚು ಮದ್ದು ಬೇಕಾಗುತ್ತದೆ. ಆ ಮದ್ದು ಅನಿಲವಾಗಿ ಗುಂಡಿಗಿಂತಲೂ ಜೋರಾಗಿ ನಳಿಗೆಯಿಂದ ಚಿಮ್ಮುತ್ತದೆ, ಅದರ ತಳ್ಳುವಿಕೆಯೂ ಕೈಗೆ ಬರುತ್ತದೆ. ಭಾರದ ಗುಂಡಿಗೆ ಮದ್ದು ಕಡಿಮೆ, ಅನಿಲವೂ ಕಡಿಮೆ. ನಳಿಗೆಯ ತುದಿಗೆ ಕಾಂಪೆನ್ಸೇಟರ್ (ಅನಿಲವನ್ನು ಮೇಲಕ್ಕೆ ಬಿಟ್ಟು ಮೂತಿ ಏಳದಂತೆ ತಡೆಯುವ ತುಂಡು) ಹಾಕಿದವರಿಗೆ ಲೆಕ್ಕ ತಲೆಕೆಳಗು: ಅದು ಕೆಲಸ ಮಾಡುವುದೇ ಅನಿಲದಿಂದ, ಹಾಗಾಗಿ ಅವರಿಗೆ 115 ಅಥವಾ 124 ಒಳ್ಳೆಯದು.

ಪೆಟ್ಟಿಗೆಯ ಮೇಲಿನ ವೇಗ ಕಂಪನಿಯ ಟೆಸ್ಟ್ ಬ್ಯಾರೆಲ್‌ನದು, ನಮ್ಮ ಪಿಸ್ತೂಲಿನದಲ್ಲ. ಆದ್ದರಿಂದ ಮೊದಲ ಕೆಲಸ ಕ್ರೋನೋಗ್ರಾಫ್, ಅಂದರೆ ಗುಂಡಿನ ವೇಗ ಅಳೆಯುವ ಯಂತ್ರ. ನಳಿಗೆಯ ತುದಿಯಿಂದ ಹತ್ತು ಅಡಿ ದೂರದಲ್ಲಿಟ್ಟು ಪ್ರತಿ ತೂಕದ ಹತ್ತು ತೋಟಾ ಹೊಡೆಯುತ್ತೇನೆ. ಸರಾಸರಿಗಿಂತ ಹೆಚ್ಚಾಗಿ, ಅತಿ ಕಡಿಮೆ ಬಂದ ಅಂಕಿಯ ಮೇಲೆ ನನ್ನ ಕಣ್ಣು. 125 ಮುಟ್ಟಲು 115ಕ್ಕೆ ಕನಿಷ್ಠ 1,087 ಅಡಿ, 124ಕ್ಕೆ 1,009, 147ಕ್ಕೆ 851 ಬೇಕು. ಸರಾಸರಿ 130ರ ಕೆಳಗಿದ್ದರೆ ನಾನು ಒಪ್ಪುವುದಿಲ್ಲ. ಚಳಿಯಲ್ಲಿ ಬಹಳಷ್ಟು ಮದ್ದುಗಳ ವೇಗ ಇಳಿಯುತ್ತದೆ, ಪಂದ್ಯದ ಕ್ರೋನೋಗ್ರಾಫ್ ನಮ್ಮದಕ್ಕಿಂತ ತುಸು ಕಡಿಮೆ ತೋರಿಸಲೂಬಹುದು. ದೊಡ್ಡ ಪಂದ್ಯದಲ್ಲಿ 125ಕ್ಕಿಂತ ಕೆಳಗೆ ಬಂದರೆ ಮುಂದೆ ಹೊಡೆಯಲು ಬಿಡುತ್ತಾರೆ, ಆದರೆ ಒಂದಂಕವೂ ಸಿಗುವುದಿಲ್ಲ.

ಎರಡನೆಯದು, ಆ ತೋಟಾ ಪಿಸ್ತೂಲಿನಲ್ಲಿ ಸಲೀಸಾಗಿ ನಡೆಯುತ್ತದೆಯೇ ಎಂಬುದು. ಇದರಲ್ಲಿ ಅವಸರ ಮಾಡಬಾರದು. ಮೊದಲು ನಳಿಗೆಯನ್ನು ಬಿಚ್ಚಿ, ಬಾಯಿ ಕೆಳಗಾಗಿ ಹಿಡಿದು, ತೋಟಾವನ್ನು ಚೇಂಬರಿಗೆ ಬಿಡಿ. ಅದು ಟಕ್ಕೆಂದು ಕೂರಬೇಕು, ಬೆರಳಲ್ಲಿ ತಿರುಗಿಸಿದರೆ ತಿರುಗಬೇಕು, ನಳಿಗೆಯನ್ನು ಮಗುಚಿದರೆ ತಾನಾಗಿ ಉದುರಬೇಕು. ಮೂತಿ ಚಪ್ಪಟೆಯಿರುವ 147 ಗುಂಡುಗಳು ಕೆಲವು ಪಿಸ್ತೂಲುಗಳಲ್ಲಿ ನಳಿಗೆಯೊಳಗಿನ ಸುರುಳಿ ಗೆರೆಗಳಾದ ರೈಫ್ಲಿಂಗ್‌ಗೆ ತಾಗಿ ಕಚ್ಚಿಕೊಳ್ಳುತ್ತವೆ. ಜೆಕ್ ಕಂಪನಿ ಸಿಝಡ್‌ನ ಪಿಸ್ತೂಲುಗಳಲ್ಲಿ ಚೇಂಬರಿನಿಂದ ಆ ಗೆರೆಗಳವರೆಗಿನ ಜಾಗ ಗಿಡ್ಡ, ಅವುಗಳಲ್ಲಿ ಈ ತೊಂದರೆ ಹೆಚ್ಚು. ಉದುರದ ತೋಟಾ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಆಮೇಲೆ ಮ್ಯಾಗಜಿನ್‌ಗೆ ಒಂದೇ ತೋಟಾ ತುಂಬಿ ಹೊಡೆದು, ಸ್ಲೈಡ್ (ಹೊಡೆದಾಗ ಹಿಂದೆ ಸರಿಯುವ ಮೇಲ್ಭಾಗ) ಹಿಂದೆ ನಿಲ್ಲುತ್ತದೆಯೇ ನೋಡುತ್ತೇನೆ. ಎರಡೂ ಕೈಯಿಂದ ಹೊಡೆದ ಮೇಲೆ ಎಡಗೈ ಒಂದರಿಂದಲೂ ಇದನ್ನೇ ಮಾಡಬೇಕು, ಏಕೆಂದರೆ ಹಿಡಿತ ಸಡಿಲವಾದಾಗಲೇ ಸ್ಲೈಡ್ ಅರ್ಧಕ್ಕೆ ನಿಲ್ಲುವುದು. ಖಾಲಿ ಕೊಳವೆ ನಾಲ್ಕೈದು ಅಡಿ ಆಚೆ ಬಿದ್ದರೆ ಸರಿ. ಕಾಲ ಬುಡದಲ್ಲೇ ಬೀಳುತ್ತಿದ್ದರೆ ಆ ತೋಟಾಕ್ಕೆ ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಬಿಗಿಯಾಯಿತೆಂದು ಅರ್ಥ. ಇವತ್ತಲ್ಲ ನಾಳೆ ಕೊಳವೆ ಕಿಂಡಿಯಲ್ಲಿ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ. ಮೆತ್ತನೆಯ 147ಕ್ಕೆ ನಾನು ಮೂಲ ಸ್ಪ್ರಿಂಗ್ ತೆಗೆದು 15 ಪೌಂಡಿನದನ್ನು ಹಾಕಿದ್ದೇನೆ. ಅದಕ್ಕಿಂತ ಕೆಳಗಿಳಿಯುವುದು ನನಗೆ ಸರಿ ಕಾಣುವುದಿಲ್ಲ. ಗ್ಲಾಕ್‌ನಲ್ಲಿ ಸ್ಟ್ರೈಕರ್ (ತೋಟಾದ ಬುಡಕ್ಕೆ ಬಡಿಯುವ ಮೊಳೆ) ಸ್ಪ್ರಿಂಗ್ ಸ್ಲೈಡನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ರಿಕಾಯಿಲ್ ಸ್ಪ್ರಿಂಗ್ ತೀರಾ ಹಗುರವಾದರೆ ಟ್ರಿಗರ್ ಒತ್ತುವಾಗ ಸ್ಲೈಡ್ ಕೂದಲೆಳೆಯಷ್ಟು ತೆರೆದುಕೊಂಡು ಪಿಸ್ತೂಲು ಹಾರದೇ ಹೋಗಬಹುದು.

ಮೂರನೆಯದು, ಗುಂಡು ಎಲ್ಲಿ ಬೀಳುತ್ತದೆ ಎಂಬುದು. 25 ಗಜದಲ್ಲಿ ಮರಳುಚೀಲದ ಮೇಲೆ ಕೈಯಿಟ್ಟು, ಅದೇ ಬಿಂದುವಿಗೆ ಗುರಿಯಿಟ್ಟು, ಪ್ರತಿ ತೂಕದ ಐದೈದು. ಭಾರದ ಗುಂಡು ಹೆಚ್ಚು ಕೆಳಗೆ ಬೀಳಬೇಕೆಂದು ಅನೇಕರು ಎಣಿಸುತ್ತಾರೆ. ಸಾಮಾನ್ಯವಾಗಿ ಅದು ಮೇಲೆಯೇ ಬೀಳುತ್ತದೆ. ನಿಧಾನದ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಮೂತಿ ಮೇಲೇಳಲು ಶುರುವಾಗಿರುತ್ತದೆ. ಸರಿಪಡಿಸುವ ಲೆಕ್ಕ ಸುಲಭ: ಎಷ್ಟು ತಪ್ಪಿತೋ ಅದನ್ನು ಎರಡು ಸೈಟ್‌ಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಬೇಕು. ಗ್ಲಾಕ್ 17ರಲ್ಲಿ ಆ ಅಂತರ 165 ಮಿಮೀ, 25 ಗಜವೆಂದರೆ 22,860 ಮಿಮೀ. ಗುಂಡು 50 ಮಿಮೀ ಮೇಲೆ ಬಿದ್ದರೆ ಫ್ರಂಟ್ ಸೈಟ್ ಈಗಿನದಕ್ಕಿಂತ 0.36 ಮಿಮೀ ಹೆಚ್ಚು ಎತ್ತರದ್ದು ಬೇಕು. ಹತ್ತು ಗಜದಲ್ಲಿ ಅದೇ ವ್ಯತ್ಯಾಸ 20 ಮಿಮೀ ಮಾತ್ರ. ಹತ್ತಿರದಲ್ಲೇ ಅಭ್ಯಾಸ ಮಾಡುವವರ ಕಣ್ಣಿಗೆ ಇದು ಬೀಳುವುದಿಲ್ಲ. ಗುಂಪಿನ ಬಿಗಿತದಲ್ಲಿ ಮೂರಕ್ಕೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಕಾಗದದ ಮೇಲಿನ ತೂತು ಗುಂಡಗಿರದೆ ಉದ್ದವಾಗಿದ್ದರೆ ಮಾತ್ರ ಆ ಪೆಟ್ಟಿಗೆಯನ್ನು ಪಕ್ಕಕ್ಕಿಡಿ, ಗುಂಡು ಪಲ್ಟಿ ಹೊಡೆಯುತ್ತಿದೆ.

ಕೊನೆಗೆ ಟೈಮರ್. ಏಳು ಗಜದಲ್ಲಿ ಎ ವಲಯಕ್ಕೆ ಆರು ಗುಂಡು. ಮ್ಯಾಗಜಿನ್‌ಗಳನ್ನು ಜೊತೆಗಾರರಿಂದ ತುಂಬಿಸಿ, ಯಾವುದರಲ್ಲಿ ಯಾವ ತೂಕವೆಂದು ನನಗೆ ಹೇಳದಂತೆ ನೋಡಿಕೊಳ್ಳುತ್ತೇನೆ. ಗೊತ್ತಿದ್ದರೆ ಮನಸ್ಸು ಮೊದಲೇ ತೀರ್ಪು ಕೊಟ್ಟಿರುತ್ತದೆ. ಇಲ್ಲಿ ಗಮನಿಸಬೇಕಾದದ್ದು ಕೈಗೆ ಎಷ್ಟು ಮೆತ್ತಗಿತ್ತು ಎಂಬುದನ್ನಲ್ಲ, ಫ್ರಂಟ್ ಸೈಟ್ ಎದ್ದ ಮೇಲೆ ಅದೇ ಜಾಗಕ್ಕೆ ಮರಳಿತೇ ಎಂಬುದನ್ನು. 115ರಲ್ಲಿ ಸೈಟ್ ಚುರುಕಾಗಿ ಮೇಲೆದ್ದು ಚುರುಕಾಗಿ ಇಳಿಯುತ್ತದೆ. 147ರಲ್ಲಿ ಸ್ಲೈಡ್ ನಿಧಾನ, ಸೈಟ್ ಏಳುವುದೂ ಕಡಿಮೆ. ಈ ನಿಧಾನ ಕೆಲವರಿಗೆ ಹಿಡಿಸುವುದಿಲ್ಲ, ಅಂಥವರಿಗೆ 124ಕ್ಕಿಂತ ಒಳ್ಳೆಯ ರಾಜಿ ಇಲ್ಲ. ಗುಂಡುಗಳ ನಡುವಿನ ಹೊತ್ತಿನಲ್ಲಿ ನನಗೆ ವ್ಯತ್ಯಾಸ ಬರಲಿಲ್ಲ, ಆದರೆ 147ರಲ್ಲಿ ಸಿ ವಲಯಕ್ಕೆ ಹೋಗುವವು ಕಡಿಮೆಯಾದವು. ನಾನು ಅದನ್ನು ಆರಿಸಿದ್ದು ಆ ಒಂದೇ ಕಾರಣಕ್ಕೆ.

147 ದುಬಾರಿ ಎನಿಸಿದರೆ ಹತ್ತು ಗಜದೊಳಗಿನ ಅಭ್ಯಾಸಕ್ಕೆ 115 ಸಾಕು. ದೂರದ ಅಭ್ಯಾಸ ಮತ್ತು ಪಂದ್ಯದ ಹಿಂದಿನ ವಾರ ಪೂರ್ತಿ ಪಂದ್ಯದ ತೋಟಾದಲ್ಲೇ ಆಗಬೇಕು. ಪೆಟ್ಟಿಗೆಯ ಲಾಟ್ ನಂಬರ್ ಬರೆದಿಟ್ಟುಕೊಳ್ಳಿ. ನಂಬರ್ ಬದಲಾದರೆ ಮತ್ತೆ ಹತ್ತು ತೋಟಾ ಕ್ರೋನೋಗ್ರಾಫ್ ಮೇಲೆ ಹೊಡೆದು ನೋಡಿದ ಮೇಲೆಯೇ ಪಂದ್ಯಕ್ಕೆ ಒಯ್ಯಿರಿ.