ಕಣ್ಣಿನಿಂದಲೇ ಮಾತು: ಪಾರದರ್ಶಕ ಹಾಳೆಯಿಂದ ಶುರು ಮಾಡುವುದು ಹೇಗೆ?

ಕೈ ಆಡುವುದಿಲ್ಲ, ಬಾಯಿಂದ ಮಾತು ಹೊರಡುವುದಿಲ್ಲ, ಆದರೆ ಮನೆಗೆ ಬಂದವರು ಎಲ್ಲಿ ಕೂತರು, ಏನು ಮಾತಾಡಿದರು ಅನ್ನುವುದನ್ನೆಲ್ಲ ಕಣ್ಣು ಹಿಂಬಾಲಿಸುತ್ತಿರುತ್ತದೆ. ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮೆದುಳಿಗೆ ಪೆಟ್ಟಾಗಿ ಮೈ ಹಿಡಿತಕ್ಕೆ ಸಿಗದ ತೊಂದರೆ) ಇರುವ ಮಗು ಇರಬಹುದು, ಸ್ಟ್ರೋಕ್ ಆಗಿ ಮಲಗಿದ ಅಪ್ಪ ಇರಬಹುದು, ಎಎಲ್‌ಎಸ್‌ನಂಥ ಕಾಯಿಲೆಯಿಂದ ಸ್ನಾಯುಗಳು ಒಂದೊಂದಾಗಿ ಸೋಲುತ್ತಿರುವ ಅಣ್ಣ ಇರಬಹುದು. "ಎಲ್ಲಾ ತಿಳಿತೈತ್ರಿ ಅವಂಗ, ಹೇಳಾಕ ಬರಂಗಿಲ್ಲ ಅಷ್ಟ" ಅಂತ ನಮ್ಮ ಕೊಪ್ಪಳ, ರಾಯಚೂರು ಕಡೆ ಮನೆಯವರು ಹೇಳುವುದನ್ನು ಕೇಳಿರುತ್ತೀರಿ.

ಕಣ್ಣಿನಿಂದ ಕಂಪ್ಯೂಟರ್ ನಡೆಸುವ ವಿಡಿಯೋ ನೋಡಿ, ಆಸೆಪಟ್ಟು, ಬೆಲೆ ವಿಚಾರಿಸಿ, ಸುಮ್ಮನಾಗುವವರೇ ಜಾಸ್ತಿ. ಹಾಗೆ ಸುಮ್ಮನಾಗಬೇಡಿ ಅಂತ ಹೇಳೋದಕ್ಕೇ ಇದನ್ನು ಬರೆಯುತ್ತಿದ್ದೇನೆ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಒಂದು ಹಾಳೆಯಿಂದ ಇವತ್ತೇ ಶುರು ಮಾಡಬಹುದು. ಯಂತ್ರ ಆಮೇಲೆ ಬಂದರೂ ಹಾಳೆಯಲ್ಲಿ ಕಲಿತದ್ದು ವ್ಯರ್ಥ ಆಗುವುದಿಲ್ಲ.

ಮೊದಲು, ಕಣ್ಣು ಯಾವ ಕಡೆ ಓಡುತ್ತದೆ ನೋಡಿ

ತಲೆಗೆ ಆಸರೆ ಬೇಕು. ತಲೆ ವಾಲುತ್ತಿದ್ದರೆ ಟವೆಲ್ ಸುತ್ತಿ ಎರಡೂ ಕಡೆ ಇಡಿ, ಸೊಂಟ ಜಾರದಂತೆ ಕೂರಿಸಿ. ನೀವು ಎದುರಿಗೆ, ಅವರ ಕಣ್ಣಿನ ಎತ್ತರಕ್ಕೇ ಕೂತುಕೊಳ್ಳಿ. ಅವರಿಗೆ ಇಷ್ಟವಾದ ಒಂದು ವಸ್ತುವನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಸರಿಸಿ. ಕಣ್ಣು ಎಲ್ಲಿ ಸಲೀಸಾಗಿ ಹೋಗುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಬರೆದಿಟ್ಟುಕೊಳ್ಳಿ.

ಇದು ಯಾಕೆ ಬೇಕು ಅಂದರೆ, ಎಲ್ಲರ ಕಣ್ಣೂ ಎಲ್ಲಾ ಕಡೆ ತಿರುಗುವುದಿಲ್ಲ. ಹುಟ್ಟಿದ ಹೊಸತರಲ್ಲಿ ಕಾಮಾಲೆ ವಿಪರೀತ ಏರಿ ಮೆದುಳಿಗೆ ಪೆಟ್ಟಾದ ಮಕ್ಕಳಲ್ಲಿ ಹಲವರಿಗೆ ಕಣ್ಣು ಮೇಲೆತ್ತುವುದು ಕಷ್ಟ, ಕಿವಿಯೂ ಮಂದ ಇರಬಹುದು. ಅಂಥ ಮಗುವಿಗೆ "ಹೌದು ಅಂದ್ರೆ ಮೇಲೆ ನೋಡು" ಅಂತ ಹೇಳಿಕೊಟ್ಟು, ಅದು ನೋಡದಿದ್ದಾಗ "ಇದಕ್ಕೆ ತಿಳಿಯೋದಿಲ್ಲ" ಅಂತ ತೀರ್ಮಾನಿಸಿಬಿಟ್ಟರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಮೆದುಳಿನ ಕಾಂಡದಲ್ಲಿ ಸ್ಟ್ರೋಕ್ ಆಗಿ ಇಡೀ ಮೈ ನಿಂತುಹೋದವರಲ್ಲಿ ಇದು ತಿರುಗಾಮುರುಗಾ. ಅವರಿಗೆ ಸಾಮಾನ್ಯವಾಗಿ ಉಳಿಯುವುದು ಮೇಲೆ-ಕೆಳಗೆ ನೋಡುವುದು ಮತ್ತು ರೆಪ್ಪೆ ಆಡಿಸುವುದು, ಅಕ್ಕಪಕ್ಕದ ನೋಟ ಹೋಗಿರುತ್ತದೆ. ಎಎಲ್‌ಎಸ್‌ನಲ್ಲಿ ಕಣ್ಣಿನ ಸ್ನಾಯುಗಳು ಸಾಮಾನ್ಯವಾಗಿ ಬಹಳ ಕಾಲ ಕೆಲಸ ಮಾಡುತ್ತಲೇ ಇರುತ್ತವೆ. ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿ, ಕನ್ನಡಕ ಬೇಕಿದ್ದರೆ ಅದೇ ಮೊದಲ ಸಾಧನ.

ಹೌದು, ಇಲ್ಲ

ಸಲೀಸಾಗಿ ಓಡುವ ಎರಡು ದಿಕ್ಕು ಆರಿಸಿ. ಒಂದು ಹೌದು, ಇನ್ನೊಂದು ಇಲ್ಲ. ಬರೀ ರೆಪ್ಪೆ ಮಿಟುಕಿಸುವುದನ್ನು ಹೌದು ಅಂತ ಇಟ್ಟುಕೊಳ್ಳಬೇಡಿ, ಯಾಕೆಂದರೆ ಎಲ್ಲರೂ ಸುಮ್ಸುಮ್ನೆ ರೆಪ್ಪೆ ಮಿಟುಕಿಸುತ್ತಲೇ ಇರುತ್ತಾರೆ. ರೆಪ್ಪೆ ಬಿಟ್ಟು ಬೇರೆ ದಾರಿ ಇಲ್ಲದಿದ್ದರೆ ಸ್ವಲ್ಪ ಹೊತ್ತು ಮುಚ್ಚಿ ಹಿಡಿಯುವುದನ್ನು ಗುರುತು ಮಾಡಿಕೊಳ್ಳಿ. ಮನೆಯಲ್ಲಿ ಎಲ್ಲರೂ ಒಂದೇ ಗುರುತು ಬಳಸಬೇಕು. ಅವ್ವನ ಹತ್ತಿರ ಒಂದು, ಅಕ್ಕನ ಹತ್ತಿರ ಒಂದು ಆಗಬಾರದು. ಹಾಸಿಗೆ ಪಕ್ಕದ ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿ, ಬಂದ ನೆಂಟರಿಗೂ ತಿಳಿಯಲಿ.

ನಾಲ್ಕು ಮೂಲೆಯ ಹಾಳೆ

ಸ್ಪೈರಲ್ ಬೈಂಡಿಂಗ್ ಮಾಡುವಾಗ ಪುಸ್ತಕದ ಮೇಲೆ ಹಾಕುವ ಪಾರದರ್ಶಕ ಹಾಳೆ ಇದೆಯಲ್ಲ, ಅದೇ ಸಾಕು. ನಾಲ್ಕು ಮೂಲೆಗೆ ನಾಲ್ಕು ಚಿತ್ರ ಅಥವಾ ಪದ ಅಂಟಿಸಿ, ನಡುವೆ ಖಾಲಿ ಬಿಡಿ. ಅವರ ಕಣ್ಣಿಂದ ಸುಮಾರು ಒಂದೂವರೆ ಅಡಿ ದೂರದಲ್ಲಿ ನಿಮ್ಮಿಬ್ಬರ ನಡುವೆ ಹಿಡಿಯಿರಿ. ಹಾಳೆಯ ಮೂಲಕ ಅವರ ಕಣ್ಣು ನಿಮಗೆ ಕಾಣುತ್ತದೆ, ಯಾವ ಮೂಲೆಗೆ ಹೋಗಿ ನಿಂತಿತು ಅಂತ ತಿಳಿಯುತ್ತದೆ. ತಿಳಿದದ್ದನ್ನು ಬಾಯಿಬಿಟ್ಟು ಹೇಳಿ: "ನೀರು ನೋಡ್ದಿ, ನೀರು ಬೇಕಾ?" ಹೌದು ಬಂದರೆ ಕೊಡಿ, ತಡ ಮಾಡದೆ ಕೊಡಿ.

ಮೂಲೆಗೆ ಏನು ಹಾಕಬೇಕು? ಎಲ್ಲರೂ ನೀರು, ಊಟ, ಸಂಡಾಸ್, ನಿದ್ದೆ ಅಂತ ಹಾಕುತ್ತಾರೆ. ಕಾರಟಗಿ ಹತ್ತಿರದ ಒಂದು ಮನೆಯಲ್ಲಿ ಒಬ್ಬ ಹುಡುಗಿಗೆ ಹೀಗೇ ಹಿಡಿದಿದ್ದರು. ಹುಡುಗಿ ನಾಲ್ಕನ್ನೂ ನೋಡಿ, ಯಾವುದರ ಮೇಲೂ ಕಣ್ಣು ನಿಲ್ಲಿಸದೆ, ನಡುವಿನ ಖಾಲಿಯಿಂದ ಅವ್ವನ ಮುಖವನ್ನೇ ನೋಡುತ್ತಿದ್ದಳು. ಅವಳ ಅಕ್ಕ ಒಂದು ಚಿತ್ರ ಕಿತ್ತು ಆ ಮೂಲೆಗೆ 'ಇದ್ಯಾವುದೂ ಅಲ್ಲ' ಅಂತ ಬರೆದು, ಓದಿ ಹೇಳಿ, ಮತ್ತೆ ಹಿಡಿದಳು. ಕಣ್ಣು ತಟಕ್ಕನೆ ಅಲ್ಲಿಗೆ ಹೋಯಿತು. ಮೈಯಲ್ಲಿ ಏನಾದ್ರೂ ಆಗ್ತೈತಾ? ಹೌದು. ಮೇಲಾ, ಕೆಳಗಾ? ಕೆಳಗೆ. ಕುರ್ಚಿಯ ಬೆಲ್ಟಿನ ಬಕಲ್ ತೊಡೆಗೆ ಒತ್ತಿ ಕೆಂಪಗೆ ಬರೆ ಬಿದ್ದಿತ್ತು. ಆ ಒಂದು ಮೂಲೆ ಇಲ್ಲದಿದ್ದರೆ ಅವತ್ತು ಅವಳಿಗೆ ನೀರು ಕುಡಿಸಿ ಮಲಗಿಸುತ್ತಿದ್ದರು. ಆದ್ದರಿಂದ 'ಇದ್ಯಾವುದೂ ಅಲ್ಲ' ಅನ್ನುವುದು ಯಾವ ಹಾಳೆಯಲ್ಲೂ ತಪ್ಪಬಾರದು. 'ನೋವು', 'ಸಾಕು', 'ಹೊರಗೆ ಕರ್ಕೊಂಡು ಹೋಗು', 'ಸಿಟ್ಟು ಬಂದಿದೆ', 'ಆಮೇಲೇನಾಯ್ತು ಹೇಳು' ಇವನ್ನೂ ಸೇರಿಸಿ. ಮಾತು ಅಂದರೆ ಬರೀ ಬೇಕು-ಬೇಡ ಅಲ್ಲವಲ್ಲ.

ಅಕ್ಷರದ ಹಲಗೆ, ನಮ್ಮ ವರ್ಣಮಾಲೆಯಲ್ಲಿ

ಓದು ಬರುವವರಿಗೆ ಇದು ದೊಡ್ಡ ಬಾಗಿಲು. ಇಂಗ್ಲಿಷಿನಲ್ಲಿ 1970ರ ದಶಕದಿಂದಲೂ ಇಂಥ ಹಲಗೆ ಬಳಕೆಯಲ್ಲಿದೆ, ಇ-ಟ್ರಾನ್ ಅನ್ನುತ್ತಾರೆ. ಎರಡು ನೋಟಕ್ಕೆ ಒಂದು ಅಕ್ಷರ. ಮೊದಲ ನೋಟ ಗುಂಪನ್ನು ಹೇಳುತ್ತದೆ, ಎರಡನೆಯದು ಗುಂಪಿನೊಳಗಿನ ಅಕ್ಷರವನ್ನು. ಕನ್ನಡಕ್ಕೆ ಗುಂಪು ಮಾಡುವ ಕಷ್ಟವೇ ಇಲ್ಲ, ಕ ಚ ಟ ತ ಪ ಅಂತ ವರ್ಗ ಮಾಡಿಯೇ ನಾವು ಶಾಲೆಯಲ್ಲಿ ಕಲಿತಿರುತ್ತೇವೆ. ಅಕ್ಷರ ಮಾತ್ರ ಕಡಿಮೆ ಮಾಡಬೇಕು. ಮಹಾಪ್ರಾಣ ಬಿಡಿ, ದೀರ್ಘ ಬಿಡಿ, ಋ ಐ ಔ ಅಂ ಅಃ ಙ ಞ ಷ ಬಿಡಿ, ಕಾಗುಣಿತ ಮತ್ತು ಒತ್ತು ಪೂರ್ತಿ ಬಿಡಿ. 26 ಅಕ್ಷರ ಉಳಿಯುತ್ತವೆ.

ನೇಮ್‌ಬೋರ್ಡ್ ಮಾಡುವ ಅಂಗಡಿಯಲ್ಲಿ 3 ಎಂಎಂ ದಪ್ಪದ ಪಾರದರ್ಶಕ ಅಕ್ರಿಲಿಕ್ ಶೀಟನ್ನು ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿಕೊಡಲು ಹೇಳಿ, ಅಂಚು ಉಜ್ಜಿಸಿ. ಅದು ಸಿಗದಿದ್ದರೆ ದಪ್ಪ ರಟ್ಟಿನ ನಡುವೆ ಕಿಟಕಿ ಕೊರೆದರೂ ನಡೆಯುತ್ತದೆ. ಅವರು ನೋಡುವ ಕಡೆಯಿಂದ ಹೀಗೆ ಜೋಡಿಸಿ. ಮೇಲೆ ಎಡ ಮೂಲೆಗೆ ಅ ಇ ಉ ಎ ಒ, ಮೇಲೆ ನಡುವೆ ಕ ಗ ಚ ಜ, ಮೇಲೆ ಬಲಕ್ಕೆ ಟ ಡ ಣ. ಎಡಬದಿಯ ನಡುವೆ ತ ದ ನ, ಬಲಬದಿಯ ನಡುವೆ ಪ ಬ ಮ. ಕೆಳಗೆ ಎಡಕ್ಕೆ ಯ ರ ಲ ವ, ಕೆಳಗೆ ಬಲಕ್ಕೆ ಶ ಸ ಹ ಳ. ಕೆಳಗೆ ನಡುವೆ 'ತಪ್ಪಾಯ್ತು' ಮತ್ತು 'ಮುಗೀತು'.

ಪ್ರತಿ ಗುಂಪಿನ ಅಕ್ಷರಗಳನ್ನು ಸಾಲಾಗಿ ಬರೆಯಬೇಡಿ. ಮೊದಲನೆಯದು ಆ ಗುಂಪಿನ ಮೇಲಿನ ಎಡಕ್ಕೆ, ಎರಡನೆಯದು ಮೇಲಿನ ಬಲಕ್ಕೆ, ಮೂರನೆಯದು ಕೆಳಗಿನ ಎಡಕ್ಕೆ, ನಾಲ್ಕನೆಯದು ಕೆಳಗಿನ ಬಲಕ್ಕೆ ಬರಲಿ. ಒ ಒಂದು ಮಾತ್ರ ಐದನೆಯದು, ಅದು ಕೆಳಗೆ ನಡುವೆ ಇರಲಿ. ಅಕ್ಷರ ಗುಂಪಿನಲ್ಲಿ ಯಾವ ಜಾಗದಲ್ಲಿದೆಯೋ ಇಡೀ ಹಲಗೆಯ ಅದೇ ಜಾಗಕ್ಕೆ ಎರಡನೇ ನೋಟ. 'ತಪ್ಪಾಯ್ತು' ಎಡಕ್ಕೆ, 'ಮುಗೀತು' ಬಲಕ್ಕೆ ಇರಲಿ, ಅವಕ್ಕೆ ಎರಡನೇ ನೋಟ ಎಡಬದಿ ಅಥವಾ ಬಲಬದಿಗೆ.

'ನೀರು' ಹೇಳಿ ನೋಡೋಣ. ಮೊದಲು ಎಡಬದಿಯ ನಡುವಿಗೆ ನೋಟ, ಅಲ್ಲಿ ತ ದ ನ ಇದೆ. ನ ಆ ಗುಂಪಿನ ಕೆಳಗಿನ ಎಡಕ್ಕಿದೆ, ಹಾಗಾಗಿ ಎರಡನೇ ನೋಟ ಹಲಗೆಯ ಕೆಳಗಿನ ಎಡ ಮೂಲೆಗೆ. ನ ಸಿಕ್ಕಿತು. ಮುಂದಿನದು ಕೆಳಗಿನ ಎಡ ಮೂಲೆಗೆ, ಅದು ಯ ರ ಲ ವ ಗುಂಪು, ರ ಮೇಲಿನ ಬಲಕ್ಕಿದೆ, ಆದ್ದರಿಂದ ನೋಟ ಹಲಗೆಯ ಮೇಲಿನ ಬಲ ಮೂಲೆಗೆ. 'ನ ರ' ಆಯಿತು. ನರನಾ, ನೂರಾ, ನೀರಾ ಅಂತ ಕೇಳಿದರೆ ಹೌದು ಎಲ್ಲಿ ಬರಬೇಕೋ ಅಲ್ಲಿ ಬರುತ್ತದೆ. 'ಬ ಸ ಲ' ಅಂದರೆ ಬಿಸಿಲು, 'ರ ಟ' ಅಂದರೆ ರೊಟ್ಟಿ, 'ಅ ಕ' ಅಂದರೆ ಅಕ್ಕ. ಮನೆಯ ಮಾತು ಬಲ್ಲವರಿಗೆ ಇಷ್ಟು ಸಾಕು.

ಒಂದು ಮುಖ್ಯವಾದ ಕೆಲಸ ಉಳಿಯಿತು. ಹಲಗೆಯ ಆ ಕಡೆ ಕೂತ ನಿಮಗೆ ಎಲ್ಲಾ ತಿರುವುಮುರುವು ಕಾಣುತ್ತದೆ. ಪ್ರತಿ ಅಕ್ಷರದ ಬೆನ್ನಿಗೆ, ಅದೇ ಜಾಗದಲ್ಲಿ, ನಿಮ್ಮ ಕಡೆಗೆ ಮುಖ ಮಾಡಿ ಅದೇ ಅಕ್ಷರ ಅಂಟಿಸಿ. ಇಲ್ಲದಿದ್ದರೆ ಎಡ ಬಲ ಲೆಕ್ಕ ಹಾಕುವುದರಲ್ಲೇ ತಲೆ ಕೆಡುತ್ತದೆ.

ಅಕ್ಕಪಕ್ಕ ಕಣ್ಣು ಆಡದವರಿಗೆ ಈ ಹಲಗೆ ಆಗುವುದಿಲ್ಲ. ಅವರಿಗೆ ನೀವೇ ಗುಂಪುಗಳನ್ನು ಒಂದೊಂದಾಗಿ ಓದಬೇಕು, ಬೇಕಾದದ್ದು ಬಂದಾಗ ಅವರು ಮೇಲೆ ನೋಡುತ್ತಾರೆ ಅಥವಾ ರೆಪ್ಪೆ ಮುಚ್ಚುತ್ತಾರೆ. ಆಮೇಲೆ ಆ ಗುಂಪಿನ ಅಕ್ಷರ ಓದಬೇಕು. ನಿಧಾನ ನಿಜ. ಆದರೆ 1995ರ ಡಿಸೆಂಬರ್‌ನಲ್ಲಿ ಸ್ಟ್ರೋಕ್ ಆಗಿ ಎಡಗಣ್ಣಿನ ರೆಪ್ಪೆ ಮಾತ್ರ ಆಡುತ್ತಿದ್ದ ಫ್ರಾನ್ಸಿನ ಪತ್ರಕರ್ತ ಜಾನ್-ಡೊಮಿನಿಕ್ ಬೋಬಿ ಹೀಗೇ ಒಂದಿಡೀ ಪುಸ್ತಕ ಬರೆಸಿದರು. ಅವರಿಗೆ ಅಕ್ಷರಗಳನ್ನು ಫ್ರೆಂಚಿನಲ್ಲಿ ಹೆಚ್ಚು ಬಳಕೆಯಾಗುವ ಕ್ರಮದಲ್ಲಿ ಓದುತ್ತಿದ್ದರು. ನೀವೂ ಹೆಚ್ಚು ಬೇಕಾಗುವ ಗುಂಪನ್ನು ಮೊದಲು ಓದಿ.

ಎದುರು ಕೂತವರಿಗೆ ನಾಲ್ಕು ಮಾತು

ಕೇಳಿದ ಮೇಲೆ ಬಾಯಿ ಮುಚ್ಚಿ ಕಾಯಿರಿ. ಸೆರೆಬ್ರಲ್ ಪಾಲ್ಸಿ ಇರುವ ಮಗು ಕಣ್ಣು ತಿರುಗಿಸುವ ಮೊದಲು ಮೈಯೆಲ್ಲ ಬಿಗಿಯಾಗಬಹುದು, ತಲೆ ಬೇರೆ ಕಡೆ ಹೋಗಬಹುದು, ಅಷ್ಟರಲ್ಲಿ ನೀವು ಇನ್ನೊಂದು ಪ್ರಶ್ನೆ ಕೇಳಿದರೆ ಅದು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಬಂದವರ ಮುಂದೆ "ಬಾಳೆಹಣ್ಣು ಎಲ್ಲೈತಿ ತೋರಿಸು" ಅಂತ ಪರೀಕ್ಷೆ ಮಾಡಬೇಡಿ, ದೊಡ್ಡವರನ್ನಂತೂ ಮಾಡಲೇಬೇಡಿ. ಅರ್ಧ ಪದ ಆದಾಗ ಊಹಿಸುವುದಿದ್ದರೆ "ಊಹೆ ಮಾಡಲಾ?" ಅಂತ ಮೊದಲೇ ಕೇಳಿ, ಕೆಲವರಿಗೆ ಅದು ಇಷ್ಟ ಆಗುವುದಿಲ್ಲ. ಕಣ್ಣು ಬೇಗ ದಣಿಯುತ್ತದೆ, ಬೆಳಿಗ್ಗೆ ಒಂದಿಷ್ಟು ಸಂಜೆ ಒಂದಿಷ್ಟು ಮಾಡಿ. ಮಕ್ಕಳಿಗೆ ಹಾಳೆ ತೋರಿಸುವಾಗ ನೀವೂ ಕಣ್ಣಿನಿಂದಲೇ ಮೂಲೆ ನೋಡಿ ಮಾತಾಡಿ ತೋರಿಸಿ.

ಮೊಬೈಲಿನಲ್ಲಿ

ಗೂಗಲ್ 2020ರ ಡಿಸೆಂಬರ್‌ನಲ್ಲಿ 'ಲುಕ್ ಟು ಸ್ಪೀಕ್' ಅನ್ನುವ ಆ್ಯಪ್ ಬಿಟ್ಟಿತು, ದುಡ್ಡಿಲ್ಲ, ಆಂಡ್ರಾಯ್ಡ್ ಫೋನಿಗೆ. ವಾಕ್ಯಗಳು ಎಡ ಬಲ ಎರಡು ಪಟ್ಟಿಯಾಗಿ ಕಾಣುತ್ತವೆ, ಬೇಕಾದದ್ದು ಇರುವ ಕಡೆ ನೋಡಿದರೆ ಪಟ್ಟಿ ಅರ್ಧವಾಗುತ್ತದೆ, ಹಾಗೆ ಒಂದೇ ಉಳಿಯುವವರೆಗೆ ಹೋಗಿ ಫೋನ್ ಅದನ್ನು ಗಟ್ಟಿಯಾಗಿ ಹೇಳುತ್ತದೆ. ಮೇಲೆ ನೋಡಿದರೆ ರದ್ದು. ವಾಕ್ಯಗಳನ್ನು ನಮಗೆ ಬೇಕಾದಂತೆ ಬದಲಿಸಬಹುದು. ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಸ್ಟ್ಯಾಂಡಿಗೆ ಹಾಕಿ, ಕಣ್ಣಿಗಿಂತ ತುಸು ಕೆಳಗೆ ಇಡಿ. ಐಫೋನಿನಲ್ಲಿ 2024ರ ಐಒಎಸ್ 18ರಿಂದ ಕಣ್ಣಿನ ನಿಯಂತ್ರಣ ಫೋನಿನೊಳಗೇ ಬಂದಿದೆ, ಐಫೋನ್ 12 ಮತ್ತು ನಂತರದವುಗಳಲ್ಲಿ. ಚೆನ್ನೈನವರು ಮಾಡಿದ 'ಆವಾಜ್' ಅನ್ನುವ, ಚಿತ್ರ ಮುಟ್ಟಿ ಮಾತಾಡುವ ಆ್ಯಪ್‌ನಲ್ಲಿ ಕನ್ನಡವೂ ಇದೆ, ಬೆರಳು ಅಷ್ಟಿಷ್ಟು ಆಡುವ ಮಕ್ಕಳಿಗೆ ಅದನ್ನು ನೋಡಬಹುದು.

ಯಾವ ಆ್ಯಪ್ ಆದರೂ ದನಿ ರೆಕಾರ್ಡ್ ಮಾಡುವ ಅವಕಾಶ ಇದ್ದರೆ ಬಿಡಬೇಡಿ. ಅದೇ ವಯಸ್ಸಿನ ಪಕ್ಕದ ಮನೆ ಹುಡುಗಿಯಿಂದ ನಿಮ್ಮೂರ ಮಾತಲ್ಲೇ ಹೇಳಿಸಿ.

ಯಂತ್ರ ಕೊಳ್ಳುವ ಮುಂಚೆ

ಐ ಟ್ರ್ಯಾಕರ್ ಅಂದರೆ ಪರದೆಯ ಕೆಳಗೆ ಕೂರುವ ಒಂದು ಪಟ್ಟಿ. ಅದರಿಂದ ನಮಗೆ ಕಾಣದ ಇನ್‌ಫ್ರಾರೆಡ್ ಬೆಳಕು ಕಣ್ಣಿಗೆ ಬಿದ್ದು, ಕಣ್ಣಿನ ಮುಂಭಾಗದಲ್ಲಿ ಒಂದು ಚುಕ್ಕೆಯಾಗಿ ಹೊಳೆಯುತ್ತದೆ. ಆ ಚುಕ್ಕೆಗೂ ಪಾಪೆಯ ನಡುವಿಗೂ ಇರುವ ಅಂತರವನ್ನು ಕ್ಯಾಮೆರಾ ಒಂದು ಸೆಕೆಂಡಿಗೆ ಹತ್ತಾರು ಸಲ ಅಳೆದು, ಪರದೆಯ ಮೇಲೆ ಎಲ್ಲಿ ನೋಡುತ್ತಿದ್ದಾರೆ ಅಂತ ಲೆಕ್ಕ ಹಾಕುತ್ತದೆ. ಮೊದಲ ಸಲ ಪರದೆಯ ಮೇಲೆ ಬರುವ 5 ಅಥವಾ 9 ಚುಕ್ಕೆಗಳನ್ನು ನೋಡಿ ಹೊಂದಿಸಿಕೊಳ್ಳಬೇಕು. ಆಮೇಲೆ ಒಂದು ಗುಂಡಿಯ ಮೇಲೆ ಕಣ್ಣು ಸುಮಾರು ಒಂದು ಸೆಕೆಂಡ್ ನಿಂತರೆ ಒತ್ತಿದಂತೆ. ಕಲಿಯುವವರಿಗೆ ಈ ಹೊತ್ತನ್ನು ಜಾಸ್ತಿ ಮಾಡಿ, ಇಲ್ಲದಿದ್ದರೆ ನೋಡಿದ್ದೆಲ್ಲ ಒತ್ತಿಕೊಂಡು ಬೇಸರ ಬರುತ್ತದೆ.

ನಮ್ಮ ಕಡೆ ಇದಕ್ಕೆ ದೊಡ್ಡ ಶತ್ರು ಬಿಸಿಲು. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಪಡಸಾಲೆಯಲ್ಲಿ ಇಟ್ಟರೆ ಯಂತ್ರಕ್ಕೆ ಕಣ್ಣೇ ಸಿಗುವುದಿಲ್ಲ. ಒಳಕೋಣೆಯಲ್ಲಿ, ಕಿಟಕಿ ಅವರ ಎದುರಿಗೂ ಬೆನ್ನಿಗೂ ಬಾರದಂತೆ ಕೂರಿಸಿ. ಪರದೆ ಎರಡು ಅಡಿ ದೂರ. ದಟ್ಟ ಕಾಡಿಗೆ, ಜೋತುಬಿದ್ದ ರೆಪ್ಪೆ, ಗೆರೆ ಇರುವ ಬೈಫೋಕಲ್ ಕನ್ನಡಕ ಕೂಡ ತೊಂದರೆ ಕೊಡುತ್ತವೆ.

ಸ್ವೀಡನ್ನಿನ ಟೋಬಿ ಕಂಪನಿ 2001ರಿಂದ ಈ ಕೆಲಸದಲ್ಲಿದೆ. ಅಂಗವಿಕಲರಿಗೆಂದೇ ಮಾಡಿದ ಪೂರ್ತಿ ಸಾಧನ ಲಕ್ಷಗಳ ಲೆಕ್ಕ, ಕಂಪ್ಯೂಟರ್ ಆಟಕ್ಕೆಂದು ಮಾರುವ ಪಟ್ಟಿ ಸಾವಿರಗಳ ಲೆಕ್ಕ. ಕಣ್ಣಿನಿಂದ ಕಂಪ್ಯೂಟರ್ ನಡೆಸುವ 'ಐ ಕಂಟ್ರೋಲ್' ಸೌಲಭ್ಯ 2017ರಲ್ಲಿ ವಿಂಡೋಸ್ 10ಕ್ಕೆ ಸೇರಿತು. ಎಎಲ್‌ಎಸ್ ಬಂದ ಅಮೆರಿಕದ ಆಟಗಾರ ಸ್ಟೀವ್ ಗ್ಲೀಸನ್ ಕೇಳಿದ ಸಹಾಯದಿಂದ ಆ ಕೆಲಸ ಶುರುವಾದದ್ದು. ಕಣ್ಣಿನಿಂದ ಟೈಪ್ ಮಾಡಲು 'ಆಪ್ಟಿಕೀ' ಅನ್ನುವ ಉಚಿತ ತಂತ್ರಾಂಶವೂ ಇದೆ. ಕೊಳ್ಳುವ ಮುಂಚೆ ಅವರನ್ನೇ ಕೂರಿಸಿ, ಅವರದೇ ಕುರ್ಚಿಯಲ್ಲಿ, ಒಮ್ಮೆ ಪ್ರಯತ್ನಿಸಲು ಕೊಡದವರ ಹತ್ತಿರ ಕೊಳ್ಳಬೇಡಿ. ಕಣ್ಣು ಒಗ್ಗದಿದ್ದರೂ ದಾರಿ ಮುಚ್ಚಿಲ್ಲ. ಎಎಲ್‌ಎಸ್ ಇದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಕಣ್ಣಿನಿಂದ ಬರೆಯುತ್ತಿದ್ದರು ಅಂತ ಬಹಳ ಜನ ತಿಳಿದಿದ್ದಾರೆ, ಕೊನೆಯ ವರ್ಷಗಳಲ್ಲಿ ಅವರು ಬಳಸಿದ್ದು ಕೆನ್ನೆಯ ಒಂದು ಸ್ನಾಯು.

ಯಾರನ್ನು ಕೇಳಬೇಕು

ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಲು, ಕೇಂದ್ರದ ಅಡಿಪ್ ಯೋಜನೆಯ ಸಾಧನ ಶಿಬಿರ ಯಾವಾಗ ಅಂತ ತಿಳಿಯಲು ಅವರನ್ನೇ ಹಿಡಿಯಿರಿ. ಶಾಲೆಗೆ ಹೋಗಲಾಗದ ಮಗುವಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಇಂಥ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರು ಯಾರು ಅಂತ ಕೇಳಿ, ಮನೆಗೆ ಬಂದು ಕಲಿಸುವ ವ್ಯವಸ್ಥೆ ಅವರ ಕೈಯಲ್ಲಿದೆ, ಹಲಗೆಯನ್ನು ಅವರಿಗೂ ಹೇಳಿಕೊಡಿ. ಸ್ಪೀಚ್ ಥೆರಪಿಯವರು ಹತ್ತಿರದಲ್ಲಿ ಸಿಗದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕೊಪ್ಪಳ, ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್ ನೇರ ಮೈಸೂರಿಗೇ ಹೋಗುತ್ತದೆ. ಹೋಗುವಾಗ ಹಳೆಯ ಫೈಲಿನ ಜೊತೆ ನಿಮ್ಮ ಹಲಗೆ, ಮನೆಯಲ್ಲಿ ಅದರಿಂದ ಮಾತಾಡುವಾಗ ತೆಗೆದ ಒಂದು ವಿಡಿಯೋ ತಗೊಂಡು ಹೋಗಿ. ಹೊಸ ಜಾಗದಲ್ಲಿ, ಹೊಸ ಮುಖಗಳ ಮುಂದೆ ಮಗು ಏನೂ ಹೇಳದೆ ಕೂತರೂ ಅದಕ್ಕೆ ಏನು ಬರುತ್ತದೆ ಅಂತ ಡಾಕ್ಟರಿಗೆ ವಿಡಿಯೋದಲ್ಲಿ ತಿಳಿಯುತ್ತದೆ.